ಅಮ್ಮನ ಮೊಣಕಾಲು ಹೇಗಿದೆ?

ಹಿಂದಿನ ಗೇಟು ಮುಚ್ಚಿತು.

ಮುಂದಿನದು ತೆರೆಯಲಿಲ್ಲ.

ಜೈಲಿನ ಒಳಗೇಟು, ಹೊರಗೇಟು... ನಡುವೆ ಒಂದು ಲಾರಿ ನಿಲ್ಲುವಷ್ಟು ಜಾಗ. ಅಲ್ಲಿ ನಾವು ಮೂವರು. ನಾನು. ನಾನು ಮಣಿಕಟ್ಟು ಹಿಡಿದು ನಿಲ್ಲಿಸಿಕೊಂಡಿದ್ದ ಒಬ್ಬ ಕೈದಿ, ಕಸುಬಿನಲ್ಲಿ ದರ್ಜಿ. ಮತ್ತೆ ಸ್ಟೂಲ್ ಎಳೆದುಕೊಂಡು ಆರಾಮಾಗಿ ಕೂತ ಹೆಡ್ ವಾರ್ಡರ್. ಕೈದಿಗಳು ಅವನಿಗೆ ಇಟ್ಟ ಹೆಸರು ಐಸ್. ಅವನು ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ. ಹೊಡೆಯುವಾಗಲೂ ಅಷ್ಟೆ.

ಜೈಲಿನಲ್ಲಿ ಒಂದು ನಿಯಮ ಇದೆ ಕಣಪ್ಪ. ಒಂದು ಗೇಟು ಮುಚ್ಚಿದ ಮೇಲೇ ಇನ್ನೊಂದು ತೆಗೆಯಬೇಕು. ಕೈದಿ ಓಡಿಹೋಗಬಾರದು ಅಂತ ಮಾಡಿದ್ದು. ಅವತ್ತು ಅದೇ ನಮಗೆ ಬೋನಾಯಿತು.

"ಎಸ್ಕಾರ್ಟ್ ಗಾಡಿ ಕೆಟ್ಟಿದೆಯಂತೆ ಸಾರ್," ಅಂದ ಐಸ್. "ನೀವು ಹೊರಗೆ ಹೋಗಿ. ಇವನು ಒಳಗೆ ಬರ್ತಾನೆ."

"ಇವನು ನನ್ನ ಜೊತೆ ಬರ್ತಾನೆ."

"ನಿಮ್ಮ ಪಾಸು ಕಮಿಟಿ ಇರೋವರೆಗೆ ಮಾತ್ರ. ಕಮಿಟಿ ಹೊರಟಾಯ್ತಲ್ಲ..."

ದರ್ಜಿಯ ಮಣಿಕಟ್ಟನ್ನು ಇನ್ನೂ ಬಿಗಿಯಾಗಿ ಹಿಡಿದೆ.

ಬೆಳಗಿನಿಂದ ಹೇಳುತ್ತೇನೆ, ಕೇಳು.

ನಾನು ಪೊಲೀಸ್ ಇನ್ಸ್‌ಪೆಕ್ಟರ್ ಆಗಿ ರಿಟೈರ್ ಆದವನು. ಜೈಲುಗಳಲ್ಲಿ ಜನ ಯಾಕೆ ಸಾಯುತ್ತಿದ್ದಾರೆ ಎಂದು ನೋಡಲು ಸಂಸತ್ತು ಒಂದು ಸಮಿತಿ ಮಾಡಿತು. ಸಮಿತಿಯಲ್ಲಿ ಫೈಲ್ ಓದುವವರು ಬೇಕಾದಷ್ಟು ಜನ ಇದ್ದರು. ಯಾರ ಪಕ್ಕ ನಿಂತು ಸಿಗರೇಟು ಹಚ್ಚಿದರೆ ಯಾರು ಬಾಯಿ ಬಿಡುತ್ತಾರೆ ಎಂದು ತಿಳಿದವನೊಬ್ಬ ಬೇಕಿತ್ತು. ನನ್ನನ್ನು ಕರೆದರು.

ಈ ಜೈಲಿನಲ್ಲಿ ಒಬ್ಬ ಕೈದಿ ಸತ್ತಿದ್ದ, ಕಸುಬಿನಲ್ಲಿ ಡ್ರೈವರ್. ಬಚ್ಚಲಲ್ಲಿ ಜಾರಿ ಬಿದ್ದ ಎಂದರು ಜೈಲಿನವರು. ದರ್ಜಿ ಹೇಳಿದ್ದೇ ಬೇರೆ. ಬಟ್ಟೆ ಅಂಗಡಿ ಕಳವಿನ ಕೇಸಿನಲ್ಲಿ ಒಳಗಿದ್ದವನು ಅವನು. ಕೇಸು ಇನ್ನೂ ಕೋರ್ಟಿನಲ್ಲಿ ವಿಚಾರಣೆಗೇ ಬಂದಿರಲಿಲ್ಲ. ಜೈಲಿನ ಹೊಲಿಗೆ ಶೆಡ್ಡಿನಲ್ಲಿ ಕೆಲಸ. ಡ್ರೈವರ್ ಸತ್ತ ದಿನ ಐಸ್ ಬಂದು ಒಂದು ಅಂಗಿ ಕೊಟ್ಟನಂತೆ. ಕಾಲರ್ ಹರಿದಿದೆ, ಒಂದು ಗುಂಡಿಯೂ ಇಲ್ಲ. ಬೇಗ ಹೊಲಿದುಕೊಡು, ಹೆಣಕ್ಕೆ ಹಾಕಬೇಕು ಎಂದನಂತೆ.

ಜಾರಿ ಬಿದ್ದವನ ಗುಂಡಿಯೆಲ್ಲ ಹೇಗಪ್ಪ ಕಿತ್ತುಬರುತ್ತೆ?

ಆ ಅಂಗಿ ಹೆಣದ ಜೊತೆ ಸುಟ್ಟುಹೋಗಿತ್ತು. ಉಳಿದಿದ್ದು ದರ್ಜಿಯ ಬಾಯಿ ಒಂದೇ.

ನೋಡಲು ಬಂದಾಗ ಮಗ ಪಿಸುಗುಟ್ಟಿದ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವನ ತಾಯಿ ಕುಂಟುತ್ತ ಸಮಿತಿಯ ಅಧ್ಯಕ್ಷೆಯ ಮನೆಗೆ ಹೋಗಿದ್ದಳು. ಮೊಣಕಾಲು ಊದಿಕೊಂಡಿತ್ತು ಮುದುಕಿಗೆ. ಅಧ್ಯಕ್ಷೆಯನ್ನು ಊರೆಲ್ಲ ಅಕ್ಕ ಎನ್ನುತ್ತಿತ್ತು. ನನಗಿಂತ ತುಂಬಾ ಚಿಕ್ಕವರು. ಆದರೂ ನಾನೂ ಅಕ್ಕ ಎಂದೇ ಕರೆದೆ, ಕುರ್ಚಿಗೆ ವಯಸ್ಸು ಜಾಸ್ತಿ. ಒಳ್ಳೆಯ ಹೆಂಗಸು. ನಿಜವಾಗಿ ಒಳ್ಳೆಯವರು.

ಅದೇ ಮುಳುವಾಯಿತು.

ನನ್ನ ಪ್ಲಾನ್ ಸುಲಭದ್ದು. ಪ್ರತಿ ವಿಭಾಗದಿಂದ ಚೀಟಿ ಎತ್ತಿ ಒಬ್ಬೊಬ್ಬನನ್ನು ಆರಿಸುವುದು. ಲೈಬ್ರರಿ ಕೋಣೆಗೆ ಒಬ್ಬೊಬ್ಬನನ್ನೇ ಕರೆದು, ಬಾಗಿಲು ಹಾಕಿ, ಮಾತಾಡಿಸುವುದು. ಹೊಲಿಗೆ ಶೆಡ್ಡಿನಿಂದ ಯಾರ ಚೀಟಿ ಬರಬೇಕು ಎನ್ನುವುದು ನನ್ನ ಬೆರಳಿಗೆ ಗೊತ್ತಿತ್ತು. ಅಷ್ಟು ಜನರಲ್ಲಿ ಬಾಯಿ ಬಿಟ್ಟವನು ಯಾರು ಎಂದು ಐಸ್ ತಲೆ ಕೆಡಿಸಿಕೊಳ್ಳಲಿ ಬಿಡು ಎಂದುಕೊಂಡಿದ್ದೆ.

ಜೈಲೆಲ್ಲ ಹೊಸ ಪೇಂಟಿನ ವಾಸನೆ. ಗೋಡೆಗೆ ಒರಗಿದ ಸಂಸದರೊಬ್ಬರ ಕೋಟಿಗೆ ಹಳದಿ ಬಣ್ಣ ಅಂಟಿತು. ಸೂಪರಿಂಟೆಂಡೆಂಟ್ ತಮ್ಮ ಕರ್ಚೀಫಿನಿಂದಲೇ ಒರೆಸಿದರು.

ಹೊಲಿಗೆ ಶೆಡ್ಡಿಗೆ ಬಂದೆವು. ಮೆಷಿನ್ ಪಕ್ಕದಲ್ಲಿ ಸಾಲಾಗಿ ಕೈದಿಗಳು. ಅಕ್ಕ ತಲೆ ಆಡಿಸುತ್ತ ಬಂದರು... ದರ್ಜಿಯ ಮುಂದೆ ನಿಂತರು. ಅಚ್ಚು ತಾಯಿಯದೇ ಮುಖ.

ಓಟು ಕೇಳಿ ಬೆಳೆದವರಪ್ಪ! ಕಂಡ ಮುಖ ಮರೆತರೆ ಅವರ ಅಂಗಡಿ ನಡೆಯುವುದಿಲ್ಲ. ಕೈ ತಾನಾಗಿಯೇ ಮುಂದೆ ಹೋಯಿತು. ಅವನ ಕೈ ಹಿಡಿದು ಕುಲುಕಿದರು.

"ಅಮ್ಮನ ಮೊಣಕಾಲು ಹೇಗಿದೆ ಈಗ?"

ಸಾಲಿನಲ್ಲಿದ್ದವರೆಲ್ಲ ದರ್ಜಿಯ ಕಡೆ ತಿರುಗಿದರು.

ಹಿಂದೆ ನಿಂತಿದ್ದ ಐಸ್ ಕತ್ತು ಸ್ವಲ್ಪ ವಾಲಿಸಿದ. ಅಷ್ಟೇ.

ದರ್ಜಿ ಮೆಲ್ಲಗೆ ಕೈ ಬಿಡಿಸಿಕೊಂಡ.

"ನಂಗೆ ಅಮ್ಮ ಇಲ್ಲ ಮೇಡಂ. ನೀವು ಬೇರೆ ಯಾರನ್ನೋ ನೆನೆಸ್ಕೊಂಡಿರ್ಬೇಕು."

ಏನು ಮಾಡಿಬಿಟ್ಟೆ ಎಂದು ಅಕ್ಕನಿಗೂ ಹೊಳೆದಿತ್ತು. ಕಾರಿಡಾರಿಗೆ ಕರೆದುಕೊಂಡು ಹೋದೆ.

"ಅವನನ್ನ ಈಗಲೇ ನಮ್ಮ ಬಸ್ಸಲ್ಲಿ ಕೂರಿಸಿ ಅಕ್ಕಾ."

"ಕೈದಿಯನ್ನ ಕರ್ಕೊಂಡು ಹೋಗೋ ಅಧಿಕಾರ ನಮಗಿಲ್ಲ. ಶಿಫಾರಸು ಮಾಡಬಹುದು, ಅಷ್ಟೇ."

"ಹಾಗಾದ್ರೆ ಅದನ್ನೇ ಮಾಡಿ. ಬೇಗ."

ಇವನನ್ನು ಇವತ್ತೇ ಬೇರೆ ಜೈಲಿಗೆ ಕಳಿಸಿ ಎಂದು ಅಕ್ಕ ಸೂಪರಿಂಟೆಂಡೆಂಟ್‌ಗೆ ಹೇಳಿದರು. ಬೆಣ್ಣೆಯಂಥ ಮನುಷ್ಯ. ಕೂಡಲೇ ಒಪ್ಪಿದರು. ಸರ್ಕಾರಿ ಕಚೇರಿಯಲ್ಲಿ ಯಾರಾದರೂ ಕೂಡಲೇ ಒಪ್ಪಿದರೆ ಮೊದಲು ಜೇಬು ಮುಟ್ಟಿ ನೋಡಿಕೊಳ್ಳಬೇಕು. ಸಮಿತಿಗೆ ಮುಂದಿನ ಜೈಲು ಕಾದಿತ್ತು, ಬಸ್ಸು ಹೊರಟಿತು. ದರ್ಜಿಯನ್ನು ಗಾಡಿ ಹತ್ತಿಸಿ, ಜೊತೆಗೆ ಕೂತು ಹೋಗಲು ನಾನು ಉಳಿದೆ.

ಹಾಗೆ ಬಂದು ಬಿದ್ದೆವು ಈ ಬೋನಿಗೆ.

ಫೋನು ಹೊರಗೇಟಿನ ಕೋಣೆಯಲ್ಲಿ, ಬೀಗ ಹಾಕಿದ ಡಬ್ಬಿಯಲ್ಲಿ. ಒಳಗೇಟಿನ ಸರಳುಗಳ ಆಚೆ ಇನ್ನೂ ಇಬ್ಬರು ವಾರ್ಡರ್‌ಗಳು ಬಂದು ನಿಂತರು.

ಐಸ್ ಎದ್ದು ಸ್ಟೂಲನ್ನು ನನ್ನ ಕಡೆ ತಳ್ಳಿದ. "ಸಾರ್‌ಗೆ ಶುಗರ್ ಅಂತೆ. ಎಷ್ಟೊತ್ತು ಅಂತ ನಿಲ್ತೀರಿ? ಕೂತ್ಕೊಳಿ. ನಮಗೇನು ಅವಸರ ಇಲ್ಲ."

ನಿಂತೇ ಇದ್ದೆ. ದರ್ಜಿ ನನ್ನ ಕಿವಿಯ ಹತ್ತಿರ ಬಗ್ಗಿದ.

"ಹೋಗಿ ಸಾರ್. ಹೊರಗಿಂದ ಅಕ್ಕನಿಗೆ ಹೇಳಿ. ಇಲ್ಲೇ ನಿಂತ್ರೆ ಯಾರಿಗೂ ಗೊತ್ತಾಗಲ್ಲ." ಆಮೇಲೆ ಇನ್ನೂ ಮೆಲ್ಲಗೆ, "ಅಮ್ಮನಿಗೆ ಹೇಳಿ... ಅಮ್ಮ ಇಲ್ಲ ಅಂದಿದ್ದು ಸುಮ್ನೆ ಅಂತ."

ಅವನೇ ನನ್ನ ಬೆರಳು ಬಿಡಿಸಿದ.

ಒಳಗೇಟು ತೆರೆಯಿತು. ಅವನನ್ನು ನುಂಗಿ ಮುಚ್ಚಿತು. ಆಮೇಲೆ ನನಗೆ ಹೊರಗೇಟು. ನಿಯಮ ಅಂದರೆ ನಿಯಮ!

ಫೋನಿನ ಡಬ್ಬಿಯ ಬೀಗದಕೈ ಗೇಟಿನವನಿಗೆ ಸಿಗಲಿಲ್ಲ. ಹುಡುಕಿದ... ಹುಡುಕುತ್ತಲೇ ಇದ್ದ. ಅಕ್ಕನ ನಂಬರೂ ಆ ಫೋನಿನಲ್ಲೇ ಇತ್ತು. ಬಿಟ್ಟು ಓಡಿದೆ. ರಸ್ತೆಯಲ್ಲಿ ಒಬ್ಬ ಕೊರಿಯರ್‌ನವನ ಬೈಕಿಗೆ ಅಡ್ಡ ನಿಂತು ಹಿಂದೆ ಹತ್ತಿದೆ. ಬಿಳಿ ಬಸ್ಸು ಹಿಡಿ ಎಂದೆ. ಯಾವ ಬಿಳಿ ಬಸ್ಸು, ಯಾಕೆ ಎಂದು ಅವನು ಕೇಳುವಷ್ಟರಲ್ಲಿ ಜೈಲಿನ ಕಡೆಯಿಂದ ನಂಬರ್ ಪ್ಲೇಟ್ ಇಲ್ಲದ ಜೀಪು ಬಂತು.

ಜೀಪು ಬೈಕಿನ ಬಾಲಕ್ಕೆ ಮುತ್ತಿಟ್ಟಿತು. ಪಾರ್ಸೆಲ್ ಚೀಲ ಹರಿಯಿತು. ಯಾರದೋ ಮಿಕ್ಸಿ, ಯಾರದೋ ಚಪ್ಪಲಿ ರಸ್ತೆ ತುಂಬ ಉರುಳಾಡಿದವು. ಕೊರಿಯರ್‌ನವನು ನನ್ನ ಇಡೀ ವಂಶವನ್ನು ಬೈದ. ಬೈಯುತ್ತಲೇ ಗಲ್ಲಿಗೆ ನುಗ್ಗಿದ. ಜೀಪು ಗಲ್ಲಿಯ ಬಾಯಿಗೆ ಸಿಕ್ಕಿಕೊಂಡು ನಿಂತಿತು.

ಬಸ್ಸು ಸಿಕ್ಕಿದ್ದು ರೈಲ್ವೆ ಗೇಟಿನಲ್ಲಿ. ಅವತ್ತು ನನ್ನ ಪರವಾಗಿ ಮುಚ್ಚಿದ ಗೇಟು ಅದೊಂದೇ.

ಅಕ್ಕ ನನ್ನ ಮಾತು ಮುಗಿಯಲು ಬಿಡಲಿಲ್ಲ. ಬಸ್ಸು ತಿರುಗಿಸಿ ಎಂದರು. ಊಟದ ಹೊತ್ತು ಎಂದು ಗೊಣಗಿದವರನ್ನು ಒಂದು ಸಲ ನೋಡಿದರು, ಸಾಕಾಯಿತು.

ಜೈಲಿನ ಹೊರಗೇಟು ತೆರೆಯಲಿಲ್ಲ. ಇವತ್ತಿನ ಭೇಟಿ ಮುಗಿದಿದೆ, ಮತ್ತೆ ಬರಬೇಕೆಂದರೆ ಹೊಸ ಪರ್ಮಿಷನ್ ಬೇಕು ಎಂದ ಕಿಂಡಿಯವನು. ದೇಶದ ಕಾನೂನು ಮಾಡುವವರು ಬಿಸಿಲಲ್ಲಿ ಸಾಲಾಗಿ ನಿಂತರು. ಅಕ್ಕ ಮಂತ್ರಿಗೆ ಫೋನ್ ಮಾಡಿದರು. ಮಂತ್ರಿ ಮೀಟಿಂಗಿನಲ್ಲಿದ್ದರು. ಮತ್ತೆ ಮಾಡಿದರು. ಮೀಟಿಂಗ್ ಮುಗಿದಿರಲಿಲ್ಲ. ಗೋಡೆಯ ನೆರಳು ರಸ್ತೆ ದಾಟಿ ಆಚೆ ಬದಿಗೆ ಹೋದ ಮೇಲೆ ಗೇಟು ತೆರೆಯಿತು.

ಸೂಪರಿಂಟೆಂಡೆಂಟ್ ತಾವೇ ಬಂದರು. ಮುಖ ಬಾಡಿಸಿಕೊಂಡಿದ್ದರು.

ದರ್ಜಿ ಬಚ್ಚಲಲ್ಲಿ ಜಾರಿ ಬಿದ್ದಿದ್ದನಂತೆ.

ಹೆಣ ನೋಡಿದೆ. ಮೈಮೇಲಿನ ಅಂಗಿಗೆ ಗುಂಡಿಗಳೆಲ್ಲ ಇದ್ದವು... ಒಂದೂ ತನ್ನ ಕಾಜಕ್ಕೆ ಸರಿಯಾಗಿ ಕೂತಿರಲಿಲ್ಲ. ದಾರದ ತುದಿ ಜೋತಾಡುತ್ತಿತ್ತು.

ಈ ಸಲ ಹೊಲಿಯಲು ಅವರಿಗೆ ದರ್ಜಿ ಸಿಕ್ಕಿರಲಿಲ್ಲ.

ಆ ಅಂಗಿ ಬೇಕೇ ಬೇಕು ಎಂದು ಅಕ್ಕ ಕೂಗಾಡಿದರು. ಹೆಣ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮೈಮೇಲೆ ಬೇರೆ ಅಂಗಿ ಇತ್ತು. ಹೊಚ್ಚ ಹೊಸದು.

ತಾಯಿಯ ಮನೆಗೆ ನಾನೊಬ್ಬನೇ ಹೋದೆ. ಎಲ್ಲ ಹೇಳಿದೆ. ಕೈ ಕುಲುಕಿದ್ದು, ಮಗ ಅಮ್ಮ ಇಲ್ಲ ಎಂದದ್ದು, ಅದು ಸುಮ್ಮನೆ ಎಂದು ಹೇಳಿ ಕಳಿಸಿದ್ದು. ಮುದುಕಿ ಮೊಣಕಾಲು ನೀವಿಕೊಂಡಳು.

"ಅಷ್ಟು ದೊಡ್ಡೋರು... ನನ್ನ ಕಾಲು ನೋವು ನೆನಪಿಟ್ಕೊಂಡಿದ್ರಾ?"

"ಹೂಂನಮ್ಮ. ನೆನಪಿಟ್ಕೊಂಡಿದ್ರು."

ಐಸ್‌ಗೆ ಪ್ರಮೋಷನ್ ಆಯಿತು. ಸಮಿತಿಯ ವರದಿ ಸಂಸತ್ತಿನ ಮುಂದೆ ಬಂತು. ದಪ್ಪ ಪುಸ್ತಕ, ಒಳ್ಳೆಯ ಕಾಗದ. ಬಚ್ಚಲುಗಳ ಬಗ್ಗೆ, ಸಾಕ್ಷಿಗಳ ಬಗ್ಗೆ, ಎರಡು ಗೇಟುಗಳ ಬಗ್ಗೆ ಅಕ್ಕ ಬರೆಸಿದ ಶಿಫಾರಸುಗಳನ್ನೆಲ್ಲ ಸರ್ಕಾರ ಪರಿಶೀಲಿಸುತ್ತೇವೆ ಎಂದು ಪಕ್ಕಕ್ಕಿಟ್ಟಿತು.

ಒಂದನ್ನು ಮಾತ್ರ ಅವತ್ತೇ ಒಪ್ಪಿ ಜಾರಿಗೆ ತಂದರು. ಜೈಲಿಗೆ ಭೇಟಿ ಕೊಡುವ ಸದಸ್ಯರು ಕೈದಿಗಳ ಕೈ ಕುಲುಕಬಾರದು... ಸದಸ್ಯರ ಸುರಕ್ಷತೆಯ ದೃಷ್ಟಿಯಿಂದ.