ತೆಪ್ಪಲ ಹಾಕಿದ ತೋಫು

"ಡಬ್ಬಿ ತೆಗೆ. ಒಳಗೆ ಎಂತ ಅದೆ ನೋಡ್ತೆ."

ಬೆಳಂಬಾರದ ಆ ಮನೆಯ ಬಾಗಿಲಿಗೆ ಅಡ್ಡ ನಿಂತಿದ್ದ ಸಾಯಿನಾಥನ ಕಣ್ಣು ಕೆಂಡದಂತಿದ್ದವು. ಯೋಗಿತಾ ಡಬ್ಬಿಯ ಮುಚ್ಚಳ ತೆಗೆದಳು. ಅವಳು ಅವನನ್ನು ನೋಡಿದ್ದು ಅದೇ ಮೊದಲು.

"ಮೀನಲ್ಲ. ತೋಫು... ಪನೀರಿನ ಹಾಂಗೇ, ಸೋಯಾ ಹಾಲಿಂದ ಮಾಡೂದು."

"ನೀ ಯಾರ ಮಗಳು?"

ಸುಳ್ಳು ಹೇಳಿಬಿಡಲೇ... ಒಂದು ಗಳಿಗೆ ಹಾಗೆ ಅನ್ನಿಸಿತು. ಆದರೆ ನಾಲಿಗೆ ಒಪ್ಪಲಿಲ್ಲ.

"ಬೈತಖೋಲದ ಪುಂಡಲೀಕ ತಾಂಡೇಲನ ಮಗಳು."

ಸಾಯಿನಾಥನ ಮುಖ ಕಲ್ಲಾಯಿತು. ಆಗದೆ ಇರುತ್ತದೆಯೇ? ಮೀನಿನ ಬೋಟು ನಡೆಸುವವನೇ ತಾಂಡೇಲ. ಪುಂಡಲೀಕನ ಬೋಟಿಗೆ ಕೂಲಿಗೆ ಹೋಗಿದ್ದ ಸಾಯಿನಾಥನ ತಮ್ಮ ದೇವ ಬಲೆ ಎಳೆಯುವಾಗ ನೀರಿಗೆ ಬಿದ್ದಿದ್ದ. ಬೋಟು ತಿರುಗಿಸಿ ತಿರುಗಿಸಿ ಹುಡುಕಿದರೂ ಹೆಣ ಸಿಗಲಿಲ್ಲ.

"ನನ್ನ ಮಗನ್ನ ತಿಂದ ಮೀನನ್ನ ನಾ ಹ್ಯಾಂಗೆ ತಿನ್ಲಿ?" ಎಂದು ತಾಯಿ ಬೊಮ್ಮಿ ಮೀನು ಬಿಟ್ಟಳು. ಆ ಮಾತು ಎಲ್ಲರಿಗೂ ಅರ್ಥವಾಯಿತು. ಆದರೆ ಆಕೆ ಅನ್ನವನ್ನೂ ಬಿಟ್ಟಳಲ್ಲ! ಬರೀ ಗಂಜಿಯ ತಿಳಿ ಕುಡಿದು ಮೈ ಒಣಗಿ ಕಡ್ಡಿಯಾಗಿತ್ತು. ಹೀಗೇ ಬಿಟ್ಟರೆ ಜೀವ ಉಳಿಯುವುದಿಲ್ಲ, ಶಕ್ತಿ ಬರುವಂಥದ್ದೇನಾದರೂ ತಿನ್ನಿಸಿ ಎಂದು ಡಾಕ್ಟರು ಹೇಳಿದ್ದರು. ಬೇಳೆ, ಮೊಟ್ಟೆ, ಹಾಲು ಏನು ಇಟ್ಟರೂ ತಟ್ಟೆ ಹಾಗೇ ಇರುತ್ತಿತ್ತು.

ಇತ್ತ ಬೈತಖೋಲದಲ್ಲಿ ಪುಂಡಲೀಕ ಹೊಸಿಲು ದಾಟುವುದನ್ನೇ ನಿಲ್ಲಿಸಿದ್ದ. ಅಪ್ಪ ಹೋಗಲಾರದ ಮನೆಗೆ, ಬೊಮ್ಮಿಯ ಸುದ್ದಿ ಕೇಳಿ ಮಗಳು ಬಂದಿದ್ದಳು. ಅವಳು ಕೆಲಸ ಮಾಡುವ ಕಾರವಾರದ ಅಂಗಡಿಯಲ್ಲಿ ನೌಕಾನೆಲೆಯವರು ಕೊಳ್ಳುತ್ತಿದ್ದ ಈ ಬಿಳಿ ಗಡ್ಡೆಯನ್ನು ಬಿಟ್ಟರೆ ಅವಳಿಗೆ ಬೇರೇನೂ ತೋಚಿರಲಿಲ್ಲ.

ಒಳಗಿನಿಂದ ಕ್ಷೀಣವಾದ ದನಿ ಬಂತು. "ಯಾರ ಮಗಳಾದ್ರೆ ಎಂತ? ಬಿಸ್ಲಾಗೆ ನಿಲ್ಲಿಸ್ಬೇಡ. ಬರ್ಲಿ ಬಿಡು."

ಬೊಮ್ಮಿ ಒಂದು ಚೂರು ಬಾಯಿಗಿಟ್ಟು ಮೆಲ್ಲಗೆ ಹೊರಗೆ ತೆಗೆದಳು. "ಇದೆಂತ ಮಗಾ, ನೆನೆದ ಸಾಬೂನು."

ಸಾಯಿನಾಥನ ತುಟಿ ಒಂಚೂರು ಅರಳಿತು. ತಪ್ಪು ಮಾಡಿದವನಂತೆ ತಕ್ಷಣ ಮುಖ ತಿರುಗಿಸಿಕೊಂಡ. ಅಯ್ಯೋ... ಯೋಗಿತಾ ಸೋತದ್ದು ಅಲ್ಲಿಯೇ!

ಆಮೇಲೆ ಪ್ರತಿ ಭಾನುವಾರ ಅವಳು ಅಂಕೋಲೆಯ ಬಸ್ಸು ಹತ್ತಿದಳು. ತೋಫು ಅಷ್ಟು ಸುಲಭಕ್ಕೆ ಒಲಿಯುವುದಲ್ಲ. ಒಳಗಿನ ನೀರು ಹೋಗದೆ ಉಪ್ಪು ಖಾರ ಹಿಡಿಯುವುದಿಲ್ಲ. ಬೊಮ್ಮಿಯ ಅಡುಗೆಮನೆಯಲ್ಲೇ ಅದನ್ನು ಬಟ್ಟೆಯಲ್ಲಿ ಸುತ್ತಿ ಮೇಲೆ ಗುಂಡುಕಲ್ಲು ಹೇರಿದಳು. ಖಾರ ಹಚ್ಚಿ, ರವೆಯಲ್ಲಿ ಹೊರಳಿಸಿ, ತೆಂಗಿನೆಣ್ಣೆಯಲ್ಲಿ ಗರಿಗರಿಯಾಗುವಂತೆ ಹುರಿದಳು. ಬೊಮ್ಮಿ ಅರ್ಧ ತುಂಡು ತಿಂದಳು.

"ಪರವಾಗಿಲ್ಲ," ಎಂದ ಸಾಯಿನಾಥ, ಅವಳನ್ನು ಬೈಕಿನಲ್ಲಿ ಬಸ್ಸಿಗೆ ಬಿಡುವಾಗ. ಅದೊಂದು ಮಾತನ್ನು ಯೋಗಿತಾ ವಾರವಿಡೀ ಮನಸ್ಸಿನಲ್ಲೇ ಇಟ್ಟುಕೊಂಡು ಓಡಾಡಿದಳು.

ಆ ಹಿಗ್ಗಿನಲ್ಲೇ ಎಡವಟ್ಟು ಮಾಡಿಕೊಂಡಳು.

ಬಾಯಿಗೆ ರುಚಿ ಬರಬೇಕೆಂದರೆ ಕಡಲ ದಂಡೆಯ ಹುಡುಗಿಯ ಕೈ ಎಲ್ಲಿಗೆ ಹೋದೀತು? ತೆಂಗಿನಕಾಯಿ, ಒಣಮೆಣಸು ನುಣ್ಣಗೆ ರುಬ್ಬಿದಳು. ಮುರುಗಲ ಸಿಪ್ಪೆಯ ಹುಳಿ ಬಿಟ್ಟಳು. ಕೊನೆಗೆ ಮೀನಿನ ಸಾರಿಗೆ ಹಾಕುವ ಘಾಟು ಘಮದ ಕಾಯಿ, ತೆಪ್ಪಲ, ಜಜ್ಜಿ ಹಾಕಿದಳು. ಅವಳ ಕೈಗೆ ರೂಢಿಯಿದ್ದ ಬಂಗಡೆ ಸಾರಿನ ಅಡುಗೆ ಅದು. ಆ ಮನೆಯಲ್ಲಿ ಆ ವಾಸನೆ ಏಳಬಾರದೆಂಬುದು ಅವಳಿಗೆ ಹೊಳೆಯಲೇ ಇಲ್ಲ.

ಬೊಮ್ಮಿ ಅನ್ನಕ್ಕೆ ಕಲಸಿಕೊಂಡಳು. ಒಂದು ತುತ್ತು ಒಳಗೆ ಹೋಯಿತು. ಎರಡನೆಯದೂ ಹೋಯಿತು. "ಇನ್ನೂ ಚೂರು ಹಾಕು ಮಗಾ," ಎಂದಳು! ಯೋಗಿತಾಳ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಬೊಮ್ಮಿಯ ಕೈ ನಿಂತಿತು. ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಓಡಿ ತಿಂದದ್ದೆಲ್ಲ ಕಾರಿಕೊಂಡಳು.

ಕೆಲಸದಿಂದ ಬಂದ ಸಾಯಿನಾಥ ವಾಸನೆಗೇ ಬೆಂಕಿಯಾದ. "ಮೀನು ತಿನ್ಸಿದ್ಯಾ?"

"ಇಲ್ಲ... ಬರೀ ತೋಫು. ನೀವೇ ನೋಡಿ."

ಅವನು ನೋಡಲಿಲ್ಲ. ಪಾತ್ರೆಯನ್ನು ಅಂಗಳಕ್ಕೆ ಸುರಿದ. "ನಿನ್ನಪ್ಪ ನನ್ನ ತಮ್ಮನ್ನ ಕಳೆದ. ನೀ ಆಯಿಯನ್ನೂ ಕಳೀಬೇಕಂತ ಬಂದ್ಯಾ? ಇನ್ನು ಈ ಕಡೆ ತಲೆ ಹಾಕ್ಬೇಡ."

ಅಂಗಡಿಯಲ್ಲಿ ತೋಫುವಿನ ಪೊಟ್ಟಣ ಕಂಡರೂ ಯೋಗಿತಾಳಿಗೆ ದುಃಖ ಉಕ್ಕುತ್ತಿತ್ತು. ಒಳ್ಳೆಯದು ಮಾಡಲು ಹೋಗಿ ಆ ತಾಯಿಯ ಗಾಯ ಕೆದಕಿದೆನಲ್ಲ... ಅವನ ದ್ವೇಷ ನನಗೆ ಸಲ್ಲಬೇಕಾದದ್ದೇ. ಮನೆಯಲ್ಲಿ ಗೋಡೆ ನೋಡುತ್ತ ಕುಳಿತ ಅಪ್ಪನ ಪಕ್ಕ ಅವಳೂ ಕುಳಿತಳು.

ಒಂದು ಮಧ್ಯಾಹ್ನ ಅಂಗಡಿಯ ಎದುರು ಸಾಯಿನಾಥ ನಿಂತಿದ್ದ.

"ಆಯಿ ಗಂಜಿನೂ ಬಿಟ್ಲು," ಎಂದ. "ಅವತ್ತು ಚೆಲ್ಲಿದ್ದನ್ನ ಬೆಕ್ಕು ಮೂಸಿ ಬಿಟ್ಟು ಹೋಯ್ತು. ಮೀನು ಬಿಡೂ ಬೆಕ್ಕು ಎಲ್ಲಾದ್ರೂ ಅದ್ಯಾ? ನಾ ತಪ್ಪು ಮಾಡ್ದೆ. ಒಂದ್ಸಲ ಬಾ."

ಯೋಗಿತಾ ಹೋದಾಗ ಬೊಮ್ಮಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಮಾವಶಿ, ಅದು ಮೀನಾಗಿರ್ಲಿಲ್ಲ."

"ಗೊತ್ತಿತ್ತು ಮಗಾ. ಮೊದಲ್ನೇ ತುತ್ತಿಗೇ ಗೊತ್ತಿತ್ತು. ಹುಟ್ಟಿದಾಗಿಂದ ಮೀನು ತಿಂದ ಬಾಯಿ ಇದು."

"ಮತ್ತೆ ಎಂತಕ್ಕೆ..."

"ರುಚಿ ಆಯ್ತು," ಎಂದಳು ಬೊಮ್ಮಿ. "ನನ್ನ ಹುಡ್ಗ ಉಪ್ಪು ನೀರಾಗೆ ಬಿದ್ಕಂಡವ್ನೆ. ನಂಗೆ ಇಲ್ಲಿ ಇನ್ನೊಂದು ತುತ್ತು ಬೇಕು ಅನ್ನಿಸ್ತು. ಎಂತಾ ತಾಯಿ ನಾ?"

ಯೋಗಿತಾ ಎದ್ದು ಅಡುಗೆಮನೆಗೆ ಹೋದಳು. ಹಿಂದೆಯೇ ಸಾಯಿನಾಥ ಬಂದ.

"ನಂಗೂ ಹಾಂಗೇ ಆಗ್ತದೆ," ಎಂದ ತಲೆ ತಗ್ಗಿಸಿ. "ನೀ ಬಂದ ದಿವ್ಸ ಖುಷಿ ಆಗ್ತದೆ. ತಮ್ಮ ಹೋದ ಮನೇಲಿ ಖುಷಿ ಆಯ್ತಲ್ಲ ಅಂತ ನನ್ಮೇಲೆ ನಂಗೇ ಅಸಹ್ಯ. ಅವತ್ತು ನಿನ್ನ ಓಡಿಸೂಕೆ ಒಂದು ನೆಪ ಬೇಕಾಗಿತ್ತು."

ಯೋಗಿತಾ ಅಳುತ್ತಲೇ ಕಾಯಿ ತುರಿದಳು. ತೆಪ್ಪಲವನ್ನೂ ಹಾಕಿದಳು. ಒಂದೇ ತಟ್ಟೆಗೆ ಬಡಿಸಿಕೊಂಡು ಬೊಮ್ಮಿಯ ಪಕ್ಕ ಕುಳಿತು, ಮೊದಲು ತಾನು ತಿಂದಳು.

"ನೀವೂ ತಿನ್ನಿ ಮಾವಶಿ. ರುಚಿ ಆದ್ರೆ ಒಟ್ಟಿಗೆ ಅಳುವ."

ಬೊಮ್ಮಿ ಗೋಡೆಯಿಂದ ಈ ಕಡೆ ಹೊರಳಿದಳು. ಆಮೇಲೆ ಎದ್ದು ಕುಳಿತು ಕೈ ಚಾಚಿದಳು. ತುತ್ತು ತುತ್ತಿಗೂ ಮಗನ ಹೆಸರು ಹೇಳಿ ಅತ್ತಳು. ಅಳುತ್ತಳುತ್ತಲೇ ತಿಂದಳು. ಈ ಸಲ ಹಿತ್ತಲಿಗೆ ಓಡಲಿಲ್ಲ.

ಹೊರಡುವಾಗ ಯೋಗಿತಾ ಮೆಟ್ಟಿಲ ಮೇಲೆ ನಿಂತಳು. "ನಾ ಇನ್ನು ಬರೂದಾ, ಬೇಡವಾ?"

"ಬಂದ್ರೆ ಖುಷಿ ಆಗ್ತದೆ."

"ಮತ್ತೆ ಆಮೇಲೆ?"

"ಆಮೇಲೆ ಅಳು ಬರ್ತದೆ..." ಸಾಯಿನಾಥ ಮೆಲ್ಲಗೆ ಅವಳ ಕೈ ಹಿಡಿದ. "ಆದ್ರೂ ಬಾ."

"ಬರ್ತೆ," ಎಂದಳು ಯೋಗಿತಾ.