ಮೇಜಿನ ಕೆಳಗಿನ ತುರಿಕೆ

ಹೆಣ್ಣು ನೋಡಲು ಬಂದ ಕನ್ನಡಕದ ಅಂಗಡಿಯವನು ಮೇಜಿನ ಕೆಳಗೆ ಅವಳ ಕಾಲನ್ನು ಉಜ್ಜುತ್ತಿದ್ದ.

ಮೊದಲ ಸಲ ತಗುಲಿದಾಗ ಅಕಸ್ಮಾತ್ ಇರಬೇಕು ಎಂದುಕೊಂಡಳು. ಆಮೇಲೆ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಅವನ ಹಿಮ್ಮಡಿ ಹುಡುಕಿಕೊಂಡು ಅಲ್ಲಿಗೂ ಬಂತು. ಮೇಲೆ ನೋಡಿದರೆ ಏನೂ ಅರಿಯದ ಮುಖ. ಅವಳ ಅಪ್ಪನ ಜೊತೆ ಮನೆ ಬಾಡಿಗೆ ಏರಿದ ವಿಷಯವನ್ನು ಗಂಭೀರವಾಗಿ ಮಾತಾಡುತ್ತಿದ್ದಾನೆ!

ದಿನವಿಡೀ ನಾಯಿ ಬೆಕ್ಕುಗಳಿಗೆ ಸೂಜಿ ಚುಚ್ಚುವ ಡಾಕ್ಟರಮ್ಮ ಅವಳು. ಹಲ್ಲು ಕಿರಿದ ಯಾವ ಪ್ರಾಣಿಗೂ ಹೆದರಿದವಳಲ್ಲ. ಬಿಸ್ಕತ್ತು ತೆಗೆದುಕೊಳ್ಳುವವಳಂತೆ ಮುಂದಕ್ಕೆ ಬಾಗಿ ಮೆಲ್ಲಗೆ ಹೇಳಿದಳು. "ನೋಡಿ, ಅದು ನನ್ನ ಕಾಲು."

ಟೀ ಅವನ ಗಂಟಲಲ್ಲೇ ನಿಂತಿತು.

"ನಿಮ್ದಾ? ಅದಕ್ಕೇ... ಆಗಿಂದ ಕೆರೀತಾನೇ ಇದೀನಿ, ತುರಿಕೆ ಒಂಚೂರೂ ಕಮ್ಮಿ ಆಗ್ತಿಲ್ಲ."

ಅವಳು ನಗು ತಡೆದು ತುಟಿ ಕಚ್ಚಿದಳು. ಅವನು ನಾಚಿಕೆಯಿಂದ ಪ್ಯಾಂಟು ಮೇಲಕ್ಕೆತ್ತಿ ತೋರಿಸಿದ. ಸೊಳ್ಳೆ ಕಚ್ಚಿ ಬಲಗಾಲೆಲ್ಲ ಕೆಂಪು ದದ್ದು. ಅವಳ ಚಿಕ್ಕಮ್ಮ ಟೂತ್‌ಪೇಸ್ಟ್ ಹಚ್ಚು ಅಂದರು. ಅವನ ತಾಯಿ ಈರುಳ್ಳಿ ಅಂದರು. ಅಪ್ಪ ಸೀಮೆಎಣ್ಣೆಯ ಹೆಸರೆತ್ತುವ ಮುಂಚೆಯೇ ಅವಳು ಎದ್ದಳು. "ಅಡುಗೆಮನೆಗೆ ಬನ್ನಿ."

ಸೋಪು ಹಾಕಿ ಕಾಲು ತೊಳೆದುಕೊಳ್ಳಲು ಹೇಳಿದಳು. ತೆಳು ಬಟ್ಟೆಯಲ್ಲಿ ಐಸ್ ಸುತ್ತಿ ದದ್ದುಗಳ ಮೇಲೆ ಒತ್ತಿಹಿಡಿದಳು. ಅವನ ಕೈ ಕಳ್ಳನಂತೆ ಕಾಲಿನ ಕಡೆ ಇಳಿಯಿತು. ಅವಳು ಅದರ ಮೇಲೊಂದು ಏಟು ಕೊಟ್ಟಳು.

"ಕೆರೆದು ಗಾಯ ಮಾಡ್ಕೊಂಡ್ರೆ ಕೀವಾಗತ್ತೆ. ನಾಯಿ ಆಗಿದ್ರೆ ಗಾಯ ನೆಕ್ಕದ ಹಾಗೆ ಕುತ್ತಿಗೆಗೆ ಲಾಳಿಕೆ ಥರದ ಪಟ್ಟಿ ಹಾಕಿ ಬಿಡ್ತಿದ್ದೆ."

"ಹಾಕಿಬಿಡಿ. ಆಗ ಎದುರಿಗಿರೋರನ್ನ ಬಿಟ್ಟು ಬೇರೆ ಯಾರೂ ಕಾಣ್ಸಲ್ಲ. ನನಗಷ್ಟು ಸಾಕು."

ಎದುರಿಗೆ ಇದ್ದವಳು ಅವಳೊಬ್ಬಳೇ. ಕಿವಿ ಬಿಸಿಯಾಯಿತು. ಮಾತು ಮರೆಸಲು ಕೇಳಿದಳು. "ಇಷ್ಟೊಂದು ಸೊಳ್ಳೆ ಎಲ್ಲಿ ಕಚ್ಚಿದ್ವು?"

"ನಿಮ್ಮನೆ ಹಿಂದಿನ ಚರಂಡಿ ಹತ್ರ. ಅಮ್ಮನಿಗಿಂತ ಮುಂಚೆನೇ ಬಂದು ಅಲ್ಲಿ ನಿಂತಿದ್ದೆ."

"ಯಾಕೆ?"

ಅವನು ನೆಲ ನೋಡಿದ. "ಈ ಸಂಬಂಧ ಬೇಡ ಅಂತ ನಯವಾಗಿ ಹೇಳೋದು ಹೇಗೆ ಅಂತ ಪ್ರಾಕ್ಟೀಸ್ ಮಾಡ್ತಿದ್ದೆ."

ಐಸ್ ಹಿಡಿದ ಕೈ ನಿಂತಿತು. ಅದೇ ಮಾತನ್ನು ಅವಳೂ ಬೆಳಿಗ್ಗೆ ಕನ್ನಡಿಯ ಮುಂದೆ ಹೇಳಿ ನೋಡಿಕೊಂಡಿದ್ದಳು. ಆದರೂ ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಎಲ್ಲೋ ಚುಚ್ಚಿತು; ಆ ಚುಚ್ಚಿದ್ದೇ ಅವಳಿಗೆ ಆಶ್ಚರ್ಯ.

"ಹೇಳಿ, ಎಷ್ಟು ನಯವಾಗಿದೆ ಕೇಳೋಣ."

"ಮರೆತೋಯ್ತು." ಅವನ ದನಿ ತಗ್ಗಿತು. "ಬೇರೆಯವರಾಗಿದ್ರೆ ರಂಪ ಮಾಡಿ ನನ್ನ ಮಾನ ಕಳೀತಿದ್ರು. ನೀವು ನಗು ತಡ್ಕೊಂಡು ತುಟಿ ಕಚ್ಚಿದ್ರಿ. ಆಗ್ಲೇ ಎಲ್ಲಾ ಮರೆತೋಯ್ತು."

"ನಾನೂ ಒಂದು ರೆಡಿ ಮಾಡಿಟ್ಟಿದ್ದೆ," ಎಂದಳು. "ನಿಮ್ದಕ್ಕಿಂತ ಚೆನ್ನಾಗಿತ್ತು."

"ಈಗ?"

ಕರಗಿದ ಐಸ್ ನೀರು ಅವಳ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಹಾಲ್‌ನಿಂದ ಚಿಕ್ಕಮ್ಮ ಕೂಗಿದರು. "ಆಯ್ತೇನೇ? ಎಲ್ರೂ ಕಾಯ್ತಿದಾರೆ."

"ಇನ್ನೂ ಆಗಿಲ್ಲ ಚಿಕ್ಕಮ್ಮ."

ಅವಳು ಫ್ರೀಜರ್ ತೆರೆದು ಇನ್ನೊಂದು ಟ್ರೇ ಹೊರತೆಗೆದಳು. "ಆ ಕಾಲೂ ಕೊಡಿ."

"ಆ ಕಾಲಿಗೆ ಏನೂ ಕಚ್ಚಿಲ್ಲ," ಎಂದ ಅವನು.

"ಗೊತ್ತು," ಎಂದಳು.