ದವಡೆಯಲ್ಲಿ ಸಿಕ್ಕಿಕೊಂಡ ಮಾತು

ಕ್ಲಿನಿಕ್ಕಿನ ಬಾಗಿಲು ತಳ್ಳಿ ಒಳಬಂದವನನ್ನು ಕಂಡು ಅವಳು ಥಟ್ಟನೆ ಮುಖ ತಿರುಗಿಸಿದಳು.

ಜೊತೆಗೆ ಬರುತ್ತೇನೆಂದಿದ್ದ ಅಕ್ಕ ಎಲ್ಲಿ? ಇವನನ್ನೇ ಕಳಿಸಬೇಕಿತ್ತೇ...

ಡಬ್ಬಿಂಗ್ ಸ್ಟುಡಿಯೋದಲ್ಲಿ ಅವಳು ಸಿನಿಮಾ ನಾಯಕಿಯರಿಗೆ ದನಿ ಕೊಡುವವಳು, ಅವನು ಸೌಂಡ್ ಇಂಜಿನಿಯರ್. ನಾಲ್ಕು ತಿಂಗಳ ಹಿಂದೆ ಕೆಲಸ ಮುಗಿದ ಮೇಲೆ ಅವನು ಮದುವೆಯ ಮಾತೆತ್ತಿದ್ದ. ಉತ್ತರಿಸಲು ಅವಳು ಬಾಯಿ ತೆರೆದಳು, ಅಷ್ಟೇ. ಕಿವಿಯ ಮುಂದೆ ಟಕ್ಕೆಂದು ದವಡೆ ಸಿಕ್ಕಿಕೊಂಡಿತು! ನೋವಿಗೆ ಕಣ್ಣು ತುಂಬಿ, ಬಾಯಿಗೆ ಕೈ ಅಡ್ಡ ಹಿಡಿದು ಓಡಿಬಿಟ್ಟಳು.

ಅವಳಿಗೆ ಇಷ್ಟವಿಲ್ಲವೆಂದುಕೊಂಡು ಮರುದಿನವೇ ಅವನು ಬೇರೆ ಪಾಳಿಗೆ ಹೋದ. ಅವಳೂ ಏನೂ ತಿಳಿಸಲಿಲ್ಲ. ದನಿಯೇ ಬಂಡವಾಳವಾದವಳ ಬಾಯಿಯೇ ತೆರೆಯದಿದ್ದರೆ ಅವಳು ಯಾರಿಗೆ ಬೇಕು?

ಹಲ್ಲಿನ ಡಾಕ್ಟರು ಬುದ್ಧಿಹಲ್ಲು ಕಿತ್ತರು. ಕಿವಿಯ ಡಾಕ್ಟರು ಹನಿ ಕೊಟ್ಟರು. ಕೊನೆಗೆ ಈ ದವಡೆ ತಜ್ಞರು ಕೀಲಿಗೇ ಇಂಜೆಕ್ಷನ್ ಕೊಟ್ಟರು; ಮೊದಲನೆಯದು ನೀರಿನಲ್ಲಿ ಮಾಡಿದ ಹೋಮವಾಯಿತು, ಇವತ್ತು ಎರಡನೆಯದು. ಪಾತ್ರಗಳೆಲ್ಲ ಬೇರೆಯವರ ಪಾಲಾದವು. 'ಹಲ್ಲು ಕಚ್ಚಿ ಸಹಿಸ್ಕೋ' ಎಂದ ಅಕ್ಕನ ಮೇಲೆ, ಹಲ್ಲು ಕಚ್ಚಿ ಕಚ್ಚಿಯೇ ಈ ಗತಿ ಬಂತೆಂದು ರೇಗಿದ್ದಳು.

"ನಿಮ್ಮಕ್ಕ ಎಲ್ಲಾ ಹೇಳಿದ್ರು," ಎಂದ ಅವನು, ಪಕ್ಕದ ಕುರ್ಚಿಯಲ್ಲಿ ಕೂರುತ್ತಾ.

"ಕನಿಕರ ಬೇಡ. ಹೋಗು," ಹಲ್ಲುಗಳ ಸಂದಿನಿಂದಲೇ ಅಂದಳು.

"ಕನಿಕರ ಅಲ್ಲ, ಸಿಟ್ಟು. ನಾನೇನು ತಪ್ಪು ಮಾಡ್ದೆ ಅಂತ ನಾಲ್ಕು ತಿಂಗಳು ಒದ್ದಾಡಿದೀನಿ. ಒಂದು ಸಾಲು ಬರೆಯೋಕೆ ಕೈಗೂ ನೋವಿತ್ತಾ?"

ಅಷ್ಟರಲ್ಲಿ ನರ್ಸ್ ಕರೆದಳು.

ಡಾಕ್ಟರು ಕಿವಿಯ ಮುಂದೆ ಬೆರಳಿಟ್ಟು ಕೀಲು ಹುಡುಕಿ, ಮರಗಟ್ಟಿಸಿ, ಸೂಜಿ ಇಳಿಸಿದರು. ಒಳಗೆಲ್ಲ ಬಿಗಿದು ಉಬ್ಬಿದಂತಾಗಿ, ಅವಳು ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದಳು. ಆಮೇಲೆ ಸ್ಕೇಲಿಟ್ಟು ಅಳೆದರು. ಹೋದ ಸಲ ಒಂದೇ ಬೆರಳು ಹಿಡಿಯುತ್ತಿದ್ದ ಬಾಯಿ ಈಗ ಎರಡು ಬೆರಳಿನಷ್ಟು ತೆರೆಯಿತು. ನೋವು ಮತ್ತೆ ಬರಬಹುದು, ವ್ಯಾಯಾಮ ಬಿಡಬೇಡಿ ಎಂದು ಎಚ್ಚರಿಸಿದರು.

ಹೊರಗೆ ಅವನು ಇನ್ನೂ ಕೂತಿದ್ದ. ಹೋಗಿರುತ್ತಾನೆಂದುಕೊಂಡಿದ್ದಳು...

"ತಪ್ಪು ನಂದೇ," ಅರ್ಧ ಮರಗಟ್ಟಿದ ತುಟಿಗಳಲ್ಲಿ ತೊದಲಿದಳು. "ಅವತ್ತು ಹ್ಞೂಂ ಅನ್ನೋಕೇ ಬಾಯಿ ತೆಗೆದಿದ್ದೆ."

ಅವನು ಅವಳನ್ನೇ ದಿಟ್ಟಿಸಿದ. ಬಿಗಿದಿದ್ದ ಮುಖ ಮೆಲ್ಲನೆ ಸಡಿಲವಾಯಿತು.

"ಅಲ್ಲ ಕಣೇ, ಹ್ಞೂಂ ಅನ್ನೋಕೆ ಬಾಯಿ ಯಾಕೆ ತೆಗೀಬೇಕು?"

ನಾಲ್ಕು ತಿಂಗಳಲ್ಲಿ ಮೊದಲ ಬಾರಿ ಅವಳಿಗೆ ನಗು ಬಂತು. ಕೆನ್ನೆ ಒತ್ತಿ ಹಿಡಿದುಕೊಂಡಳು.

"ನಗಿಸ್ಬೇಡ. ಇದು ಮತ್ತೆ ಹಿಡ್ಕೊಂಡ್ರೂ ಹಿಡ್ಕೊಳ್ಳುತ್ತೆ, ಯೋಚನೆ ಮಾಡು."

"ಮಾಡಾಯ್ತು. ಈಗ ಬಾಯಿ ಮುಚ್ಕೊಂಡೇ ಹೇಳು."

"ಹ್ಞೂಂ," ಅಂದಳು.